ಕಿಟಕಿಯ ಮೇಲಿನ ತಾಳ

ಹಡಗಲಿಯ ಆ ಓಣಿಯಲ್ಲಿ ಸಂಜೆ ಐದಕ್ಕೆ ಭಜನಾ ಸಂಘದ ಮಕ್ಕಳ ತರಗತಿ ಶುರುವಾಗುತ್ತದೆ. ಒಳಗೆ ಗುರುಶಾಂತ ಮೇಷ್ಟ್ರ ಹಾರ್ಮೋನಿಯಂ ಕೇಳುತ್ತಿತ್ತು. ಸಂಘದ ಅಧ್ಯಕ್ಷೆ ದಾಕ್ಷಾಯಣಮ್ಮ ಎಂದಿನಂತೆ ಹೊರಗಿನ ಕಟ್ಟೆಯ ಮೇಲೆ ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ಹನ್ನೊಂದು ವರ್ಷದ ಗಂಗಾಂಬಿಕಾ ಒಳಗೆ ಹೋಗದೆ ಅವಳ ಪಕ್ಕ ಬಂದು ಕೂತಳು.

"ಯಾಕವ್ವ, ಇವತ್ತು ಹಾಡಾಕ ಒಲ್ಲೇನು?"

ಹುಡುಗಿ ಒಂದು ಮೊಗ್ಗಿನ ತೊಟ್ಟು ಮುರಿದಳು. "ಎಲ್ಲಾರೂ ಹೋದ ಮ್ಯಾಲ ಮೇಷ್ಟ್ರು ನನ್ನೊಬ್ಬಾಕಿನ್ನ ನಿಲ್ಲಿಸ್ಕೊಂತಾರ, ಅಜ್ಜಿ. ಮೈ ಮುಟ್ಟತಾರ. ನನಗ ಅಂಜಿಕಿ."

ದಾಕ್ಷಾಯಣಮ್ಮನ ಕೈಯ ದಾರ ಅಲ್ಲೇ ನಿಂತಿತು. ನಾಲ್ಕು ವರ್ಷದ ಹಿಂದೆ ಶೈಲಾ ಎಂಬ ಹುಡುಗಿ ಇದೇ ಕಟ್ಟೆಯ ಮೇಲೆ ಇದೇ ಮಾತು ಹೇಳಿದ್ದಳು.

ಆಗ ಊರಿನ ಪದ್ಧತಿಯಂತೆ ಇಬ್ಬರನ್ನೂ ಎದುರುಬದುರು ಕೂಡಿಸಿ ಕೇಳಿದ್ದರು. ಹೊಲದ ಬದುವಿನ ಜಗಳಕ್ಕೆ ಮಾಡುವ ನ್ಯಾಯವನ್ನೇ ಹನ್ನೆರಡು ವರ್ಷದ ಮಗುವಿಗೂ ಮಾಡಿದ್ದರು. ಗುರುಶಾಂತ ವಿಭೂತಿ ಮುಟ್ಟಿ ಆಣೆ ಮಾಡಿದ. ಐದು ಜನ ದೊಡ್ಡವರ ನಡುವೆ ಶೈಲಾ ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದಕ್ಕೆ ಅವಳು ಸುಳ್ಳಿ ಎಂದಾಯಿತು. ದಾಕ್ಷಾಯಣಮ್ಮನೇ ಅವಳ ಕುತ್ತಿಗೆ ಬಗ್ಗಿಸಿ ಅವನ ಕಾಲು ಮುಟ್ಟಿಸಿದಳು. ತನ್ನ ತಾಳವನ್ನು ಕಿಟಕಿಯ ಮೇಲಿಟ್ಟು ಹೋದ ಶೈಲಾ ಮತ್ತೆ ಬರಲಿಲ್ಲ. ತಾಳ ಅಲ್ಲೇ ಕಿಲುಬು ಹಿಡಿಯಿತು. ಯಾರೂ ಅದನ್ನು ಮುಟ್ಟಲಿಲ್ಲ.

ಬಸ್ ನಿಲ್ದಾಣದಲ್ಲಿ ಎದುರಾದರೆ ಶೈಲಾ ಮುಖ ತಿರುಗಿಸುವುದಿಲ್ಲ. ಸುಮ್ಮನೆ ನೋಡುತ್ತಾಳೆ. ಆ ನೋಟ ದಾಕ್ಷಾಯಣಮ್ಮನ ಬೆನ್ನು ಹತ್ತಿ ಮನೆತನಕ ಬರುತ್ತದೆ, ಒಲೆಯ ಮುಂದೆ ಕೂತರೂ ಹೋಗುವುದಿಲ್ಲ.

"ನೀ ಹೇಳಿದ್ದು ಛಲೋ ಆತು, ಕೂಸ. ನಿಂದೇನೂ ತಪ್ಪಿಲ್ಲ," ಎಂದಳು. ತರಗತಿ ಬಿಡಿಸಿ ಮಕ್ಕಳನ್ನೆಲ್ಲ ಕಳಿಸಿದಳು. ಮೇಷ್ಟ್ರಿಗೆ ಇನ್ನು ಬರಬೇಡಿ ಎಂದಷ್ಟೇ ಹೇಳಿದಳು. ಗಂಗಾಂಬಿಕಾಳನ್ನು ಕೈಹಿಡಿದು ಕರೆದೊಯ್ದು, ತಾಯಿಗೆ ಎಲ್ಲ ತಿಳಿಸಿ ಬಂದಳು.

ಅಷ್ಟರಲ್ಲಿ ಕಾರ್ಯದರ್ಶಿ ಹುಲುಗಣ್ಣ ಸಂಘದ ಬಾಗಿಲಲ್ಲಿ ನಿಂತಿದ್ದ. ವಿಷಯ ಕೇಳಿ ಮುಖ ಒರೆಸಿಕೊಂಡ.

"ನಾಳಿ ಇಬ್ಬರ್ನೂ ಕೂಡಿಸ್ರಿ, ಅಕ್ಕಾರ. ನಮ್ಮೊಳಗ ಬಗಿಹರಿಲಿ. ಮೇಷ್ಟ್ರಿಗೂ ಎರಡು ಹೆಣ್ಮಕ್ಕಳದಾವ. ಸುಳ್ಳಾಗಿದ್ರ ಆ ಮನಿ ಗತಿ ಏನು? ಈ ಹುಡುಗಿ ಹೆಸರೂ ಬೀದಿಗಿ ಬರ್ತೈತಿ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅದೇ ದಾಕ್ಷಾಯಣಮ್ಮನನ್ನು ಅಂಜಿಸಿತು. ಅವತ್ತು ತಾನೂ ಹೀಗೇ, ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದ್ದಳು.

"ಖರೇನೋ ಸುಳ್ಳೋ ನೋಡೋರು ಬ್ಯಾರೆ ಅದಾರ. ಆ ಕೂಸಿನ್ನ ಅವನ ಮುಂದ ಕೂಡ್ಸಾಕ ನಾ ಬಿಡಂಗಿಲ್ಲ."

ಮೊಬೈಲ್ ತೆಗೆದು ಮಕ್ಕಳ ಸಹಾಯವಾಣಿಗೆ, ಹತ್ತು ಒಂಬತ್ತು ಎಂಟಕ್ಕೆ, ಫೋನ್ ಹಚ್ಚಿದಳು. ಆ ಕಡೆಯ ಹೆಣ್ಣುಮಗಳು ಊರು, ವಯಸ್ಸು, ಮಗು ಈಗ ಎಲ್ಲಿದೆ ಎಂದೆಲ್ಲ ಕೇಳಿ ಬರೆದುಕೊಂಡಳು. ಆಮೇಲೆ ಕೇಳಿದಳು: "ಈ ಮೇಷ್ಟ್ರ ಬಗ್ಗೆ ಮೊದಲು ಯಾರಾದರೂ ಹೇಳಿದ್ದರಾ ಅಮ್ಮ?"

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಹುಲುಗಣ್ಣ ಬೇಡ ಎಂದು ತಲೆ ಅಲ್ಲಾಡಿಸಿದ. ದಾಕ್ಷಾಯಣಮ್ಮ ಕಿಟಕಿಯ ಕಡೆ ನೋಡಿದಳು.

"ಹೇಳಿದ್ದಳ್ರಿ, ಒಬ್ಬಾಕಿ. ನಾಲ್ಕು ವರ್ಷ ಆತು."

"ಆಗ ಏನು ಮಾಡಿದಿರಿ?"

ದಾಕ್ಷಾಯಣಮ್ಮ ಕೈಚಾಚಿ ಆ ತಾಳವನ್ನು ಎತ್ತಿಕೊಂಡಳು. ಕಿಲುಬು ಬೆರಳಿಗೆ ಹತ್ತಿತು.

"ಆಕಿ ಕೈಲೆ ಅವನ ಕಾಲು ಮುಟ್ಟಿಸಿದೆ. ನಾನ ಮುಟ್ಟಿಸಿದ್ದು. ನನ್ನ ಹೆಸರು ದಾಕ್ಷಾಯಣಮ್ಮ. ಅದನ್ನೂ ಬರಕೊಳ್ರಿ."