ಹಿಂದೆ ತೆರೆದ ಅಂಗಿ

ದರ್ಜಿ ಅಜ್ಜನಿಗೆ ಸೊಂಟದ ಮೂಳೆಯ ಆಪರೇಷನ್ ಆಗಿ ಮೂರನೇ ದಿನ. ಇನ್ನೂ ಮಂಚ ಬಿಟ್ಟು ಇಳಿದಿರಲಿಲ್ಲ. ಹೀಗೆ ಮಲಗೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಈ ವಯಸ್ಸಿಗೆ ಅದು ಜೀವಕ್ಕೇ ಕುತ್ತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಹೋಗಿದ್ದರು.

ಪಾಳಿ ಮುಗಿಸಿದ ನರ್ಸ್ ಮಂಚದ ಬುಡದಲ್ಲಿ ನಿಂತು, ಆಗತಾನೇ ಬಂದ ನರ್ಸಿಗೆ ವರದಿ ಒಪ್ಪಿಸಿದಳು. "ಇವರದು ಬರೀ ಹಟ. ಗೋಗರೆದಿದ್ದೂ ಆಯ್ತು, ಗದರಿದ್ದೂ ಆಯ್ತು. ಜಪ್ಪಯ್ಯ ಅಂದ್ರೂ ಏಳಲ್ಲ." ಅಜ್ಜ ಅಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಅವರ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಬಂದವಳೇನು ಕಡಿಮೆಯಲ್ಲ. ವಾರ್ಡಿನಲ್ಲಿ ಅವಳಿಗೆ 'ಬಿರುಗಾಳಿ' ಎಂದೇ ಹೆಸರು. ವಾಕರ್ ಎಳೆದು ತಂದು, "ಏಳಿ ಅಜ್ಜ" ಎನ್ನುತ್ತಾ ಹೊದಿಕೆಯನ್ನು ಸರಕ್ಕನೆ ಸರಿಸಿದಳು. ಅಜ್ಜ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು.

"ನೋವಾ?"

"ಇಲ್ಲ."

"ಬೀಳ್ತೀನಿ ಅಂತ ಭಯಾನಾ?"

"ಇಲ್ಲಮ್ಮ."

"ಸತಾಯಿಸಬೇಡಪ್ಪಾ, ನಿನಗೇನಾದ್ರೂ ಆದ್ರೆ ನಾನೇನು ಮಾಡಲಿ?" ಎನ್ನುತ್ತಾ, ಮಂಚದ ಪಕ್ಕ ನಿಂತಿದ್ದ ಅಜ್ಜನ ಮಗಳು ಅಳು ತಡೆಯಲಾರದೆ ಹೊರಗೆ ಹೋದಳು.

ಬಿರುಗಾಳಿಗೆ ಇನ್ನೂ ಹತ್ತು ಮಂಚಗಳ ಕೆಲಸವಿತ್ತು. ಆದರೂ ಅಜ್ಜ ಇನ್ನೂ ಹೊದಿಕೆಯನ್ನು ಬಿಡದೆ ಹಿಡಿದಿರುವುದನ್ನು ಕಂಡು ಅವಳ ಸಿಟ್ಟು ಇಳಿಯಿತು. ಸ್ಟೂಲು ಎಳೆದು ಪಕ್ಕದಲ್ಲೇ ಕೂತಳು. "ಏಳಿ ಅಂತ ಹೇಳಲ್ಲ ಅಜ್ಜ. ನಿಮಗೇನು ಕಷ್ಟ ಆಗ್ತಿದೆ, ಅದನ್ನ ಹೇಳಿ." ಹೇಳಿ, ಬಾಯಿ ಮುಚ್ಚಿಕೊಂಡಳು. ಅವಳ ಮಟ್ಟಿಗೆ ಅದು ಮಹಾ ಕಷ್ಟದ ಕೆಲಸ.

ಅಜ್ಜ ಬಾಗಿಲತ್ತ ನೋಡಿ, ಮಗಳು ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ಈ ಆಸ್ಪತ್ರೆ ಅಂಗಿ... ಹಿಂದೆಲ್ಲ ತೆರೆದಿದೆ. ಇರೋದು ಎರಡು ಲಾಡಿ, ಅದರಲ್ಲೂ ಒಂದು ಕಿತ್ತಿದೆ. ನಲವತ್ತು ವರ್ಷ ಊರವರ ಮಾನ ಮುಚ್ಚೋ ಬಟ್ಟೆ ಹೊಲಿದೋನು ನಾನು. ಇಷ್ಟು ಜನರ ಮುಂದೆ ಹೀಗೆ ಹೇಗಮ್ಮ ನಡೀಲಿ? ಮಗಳ ಹತ್ರ ಹೇಳೋ ಮಾತಾ ಇದು?"

ಬಿರುಗಾಳಿಗೆ ನಾಚಿಕೆಯಾಯಿತು. ಈಗಷ್ಟೇ ಎಲ್ಲರೆದುರು ಹೊದಿಕೆ ಎಳೆದವಳು ತಾನೇ ಅಲ್ಲವೇ? "ತಪ್ಪಾಯ್ತು ಅಜ್ಜ" ಎಂದಳು. ಸುತ್ತಲೂ ಪರದೆ ಎಳೆದು, ಇನ್ನೊಂದು ಅಂಗಿ ತಂದು, ಅದರ ತೆರೆದ ಭಾಗ ಮುಂದೆ ಬರುವಂತೆ ಮೇಲಿನಿಂದ ತೊಡಿಸಿ ಲಾಡಿ ಕಟ್ಟಿದಳು. ಅಜ್ಜ ತೋಳು ಎತ್ತಿ ನೋಡಿಕೊಂಡು, "ಹೊಲಿಗೆ ದೇವರಿಗೇ ಪ್ರೀತಿ" ಎಂದರು. ಆಮೇಲೆ ಪರದೆ ಸರಿಸಲು ಹೇಳಿ, ವಾಕರ್ ಹಿಡಿದು ತಾವೇ ಎದ್ದರು.

ಕಿಟಕಿಯವರೆಗೆ ಹನ್ನೆರಡು ಹೆಜ್ಜೆ. ಬಾಗಿಲಲ್ಲಿ ನಿಂತ ಮಗಳು ಕಣ್ಣೊರೆಸಿಕೊಳ್ಳುತ್ತಾ ಒಂದೊಂದನ್ನೂ ನೋಡಿದಳು.

"ಮೊದಲೇ ಹೇಳಬಾರದಿತ್ತಾ ಅಜ್ಜ?" ಎಂದಳು ಬಿರುಗಾಳಿ.

ಅಜ್ಜ ಉಸಿರು ಸುಧಾರಿಸಿಕೊಂಡರು. "ನೋವಾ, ಭಯಾನಾ ಅಂತ ಕೇಳಿ, ಹಟ ಅಂತ ಉತ್ತರಾನೂ ನೀವೇ ಕೊಟ್ಕೊಂಡ್ರಿ. ನನ್ನನ್ನ ಕೇಳಿದ್ದು ಇವತ್ತೇ ಕಣಮ್ಮ."

ಅವಳು ಅಜ್ಜನನ್ನು ಮಂಚದವರೆಗೆ ನಡೆಸಿಕೊಂಡು ಬಂದಳು. ಅವರನ್ನು ನಿಧಾನವಾಗಿ ಮಲಗಿಸಿ, ವಾರ್ಡಿನ ಪ್ರತಿ ಮಂಚಕ್ಕೂ ಇನ್ನೊಂದೊಂದು ಅಂಗಿ ಕೇಳಲು ಉಗ್ರಾಣಕ್ಕೆ ಹೊರಟಳು.