ಎಣಿಕೆಯ ದಿನ ದಾಟಿದ ಮೇಲೆ

ಜನವರಿಯಲ್ಲಿ ನಮ್ಮ ಕಣಿವೆಗೆ ಇಳಿದ ಮಂಜು ಮಧ್ಯಾಹ್ನದವರೆಗೂ ನೆಲ ಬಿಟ್ಟು ಏಳುವುದಿಲ್ಲ. ಡೈರಿಯಲ್ಲಿ ಬೆಳಗಿನ ಹಾಲು ಕರೆದು ಮುಗಿಸಿ ಕಾಲೇಜಿಗೆ ಹೊರಟರೆ, ರಸ್ತೆಯಂಚಿನ ಬಿಳಿ ಗೆರೆಯನ್ನು ನಂಬಿಕೊಂಡೇ ಗಾಡಿ ಓಡಿಸಬೇಕು. ಆ ವರ್ಷ ನನಗೆ ಆ ಗೆರೆಯೂ ಕಾಣದಂತಾಗಿತ್ತು.

ನಮ್ಮದು ಊರವರ ಸಣ್ಣ ಕಾಲೇಜು. ಎರಡು ವರ್ಷ ಇಲ್ಲಿ ಓದಿ, ಉಳಿದೆರಡಕ್ಕೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುವುದು ವಾಡಿಕೆ. ನಾನು ಅರ್ಜಿ ಹಾಕಿಯಾಗಿತ್ತು. ವಿದ್ಯುತ್ತು, ಕಾಂತಗಳ ಪಾಠವಿರುವ ಭೌತಶಾಸ್ತ್ರದ ಎರಡನೆಯ ಭಾಗವನ್ನು ಬೇಸಿಗೆಯೊಳಗೆ ಮುಗಿಸಿದರೆ ಮಾತ್ರ ಸೀಟು. ಆದರೆ ಹತ್ತು ಜನ ಸೇರದ ತರಗತಿಯನ್ನು ಕಾಲೇಜು ರದ್ದು ಮಾಡುತ್ತದೆ. ನಾವು ಒಂಬತ್ತೇ ಜನ. ಪಾಠ ಮಾಡುವ ಬೆದ್ರೋಸಿಯನ್ ಮೇಡಂ ನನ್ನ ಮುಖ ನೋಡದೆ ಇದನ್ನು ಹೇಳಿದರು. ಬೇರೆ ಕಾಲೇಜೆಂದರೆ ಹೋಗಲೇ ಎರಡು ಗಂಟೆಯ ದಾರಿ. ಹಾಲು ಕರೆಯುವವಳಿಗೆ ಆಗದ ಮಾತು.

ಆ ವಾರ ಡೈರಿಯ ಪಂಪು ಕೆಟ್ಟು, ರಿಪೇರಿಗೆ ಡಾನ್ ಎಲಿಸೆಯೊ ಬಂದರು. ಐವತ್ತು ದಾಟಿದ ಮನುಷ್ಯ; ಡಾನ್ ಎನ್ನುವುದು ನಮ್ಮಲ್ಲಿ ಹಿರಿಯರನ್ನು ಗೌರವದಿಂದ ಕರೆಯುವ ಮಾತು. ಹಿಂದಿನ ವರ್ಷ ಏನೋ ಕುತೂಹಲಕ್ಕೆ ಭೌತಶಾಸ್ತ್ರದ ಮೊದಲ ಭಾಗಕ್ಕೆ ಸೇರಿ, ಪ್ರಯೋಗಾಲಯದಲ್ಲಿ ನನಗೆ ಜೊತೆಗಾರರಾಗಿದ್ದವರು. ಊಟದ ಹೊತ್ತಿನಲ್ಲಿ ಅವರ ಗಾಡಿಯಲ್ಲಿ ಕೂತು ನಾನು ಲೆಕ್ಕ ಬಿಡಿಸಿ ತೋರಿಸಿದರೂ ಅಂಚಿನಲ್ಲಿ ಪಾಸಾಗಿ, ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದಿದ್ದರು. ನನ್ನ ಸಂಗತಿ ಕೇಳಿ ಪಂಪಿನೊಳಗೇ ತಲೆಯಿಟ್ಟುಕೊಂಡು, ಪಾಪ, ಎಂದರು. ಅಷ್ಟೇ.

ತರಗತಿ ಶುರುವಾದ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಅವರಿದ್ದರು.

"ಹಂಗ್ ನೋಡ್ಬೇಡ ಇಮೆಲ್ಡಾ. ತಲೆ ಎಣಿಸೋ ದಿನದವರೆಗೆ ಕೂತಿರ್ತೀನಿ. ಆಮೇಲೆ ಮೇಡಮ್ಮುಂಟು, ನೀನುಂಟು."

ಮೂರನೆಯ ವಾರದಲ್ಲಿ ಎಣಿಕೆ. ಅದಾದ ಮೇಲೆ ಯಾರು ಬಿಟ್ಟುಹೋದರೂ ತರಗತಿ ನಿಲ್ಲುವುದಿಲ್ಲ. ಅಷ್ಟು ದಿನವೂ ಅವರು ಗ್ರೀಸು ಮೆತ್ತಿದ ಕೈಯಲ್ಲಿ ಪೆನ್ಸಿಲು ಹಿಡಿದು, ಅರ್ಥವಾಗದ್ದನ್ನು ಬರೆದುಕೊಳ್ಳುತ್ತ, ಆಗಾಗ ತೂಕಡಿಸುತ್ತ ಕೂತರು. ಎಣಿಕೆ ಮುಗಿಯಿತು. ತರಗತಿ ಉಳಿಯಿತು.

ಮುಂದಿನ ತರಗತಿಗೆ ಹೋಗುವಾಗ ಅಮ್ಮ ಹೂರಣ ತುಂಬಿದ ಜೋಳದ ಕಡುಬು, ತಮಾಲೆ, ಬೇಯಿಸಿ, ಬಿಸಿ ಆರದಂತೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಪಾಠ ಮುಗಿದ ಮೇಲೆ ಅವರ ಮನೆಗೆ ಹೋಗಿ ಕೊಟ್ಟು, ಎರಡು ಮಾತು ಹೇಳಿ ಬರೋಣವೆಂದಿದ್ದೆ. ಪ್ರಯೋಗಾಲಯದ ಬಾಗಿಲು ತೆಗೆದರೆ ಡಾನ್ ಎಲಿಸೆಯೊ ನಮ್ಮ ಮೇಜಿನ ಮುಂದೆ ನಿಂತು ತಾಮ್ರದ ಸುರುಳಿಯ ಸಿಕ್ಕು ಬಿಡಿಸುತ್ತಿದ್ದರು.

ಇನ್ನು ನೀವು ಇರಬೇಕಾಗಿಲ್ಲವಲ್ಲ ಎಂದೆ.

"ಸುರುಳೀಲಿ ಅಯಸ್ಕಾಂತ ಆಡಿಸ್ಬೇಕು, ಮೀಟರ್ ಓದ್ಬೇಕು, ಬರ್ಕೋಬೇಕು. ನಿಂಗೆಷ್ಟು ಕೈ ಇದೆ ತಾಯಿ?" ಆಮೇಲೆ ಗಂಟಿನ ಕಡೆ ಮೂಗು ತಿರುಗಿಸಿದರು. "ಹಂದಿ ಮಾಂಸದ್ದೋ, ಚೀಸಿಂದೋ?"

ಮೇ ತಿಂಗಳವರೆಗೂ ಅವರು ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ಈ ಸಲವೂ ಅಂಚಿನಲ್ಲೇ ಪಾಸಾದರು. ನನಗೆ ಸೀಟು ಸಿಕ್ಕಿತು.

ಇಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮೇಜುಗಳೆಲ್ಲ ಹೊಳೆಯುತ್ತವೆ. ಮೊದಲ ವಾರವೇ ಪಕ್ಕದ ಮೇಜಿನಲ್ಲಿ ಒಬ್ಬಳು ಒಂಟಿಯಾಗಿ ತಂತಿಗಳ ಜೊತೆ ಗುದ್ದಾಡುತ್ತಿದ್ದಳು. ನನ್ನ ಕೆಲಸ ಇನ್ನೂ ಮುಗಿದಿರಲಿಲ್ಲ. ಎದ್ದು ಹೋಗಿ ಅವಳ ತಂತಿಯ ಇನ್ನೊಂದು ತುದಿ ಹಿಡಿದುಕೊಂಡೆ.