ಕುಂದರಬ್ಯಾಡ್ರೀ!

ಸೋಫಾ ತೊಳೆಯುವ ಹೆಂಗಸು ಎಂದರೆ ಮಂದಿ ಮೊದಲು ನಗುತ್ತಾರೆ. ನಗಲಿ. ಬೆಳಗಾವಿಯ ಬೇಸಿಗೆ ಧೂಳು ಯಾರ ಮನೆಯನ್ನೂ ಬಿಟ್ಟಿಲ್ಲ, ನಕ್ಕವರೇ ಮುಂದಿನ ವಾರ ಫೋನ್ ಮಾಡುತ್ತಾರೆ. ಪೀರನವಾಡಿಯ ಮನೆಯಿಂದ ಸ್ಕೂಟಿಯ ಮುಂದೆ ಮಷಿನ್ ಇಟ್ಟುಕೊಂಡು ಹೊರಟೆನೆಂದರೆ ಕೋಟೆಯ ಕಡೆಯಿಂದ ಶಿವಬಸವ ನಗರದವರೆಗೆ ನನಗೆ ಗಿರಾಕಿಗಳಿದ್ದಾರೆ. ಮೊದಲು ಒಣ ಧೂಳು ಎಳೆಯಬೇಕು, ಆಮೇಲೆ ಸೋಪಿನ ನೀರು ಹಾಕಿ ಬ್ರಶ್ಶಿನಿಂದ ತಿಕ್ಕಬೇಕು, ಕೊನೆಗೆ ಕೊಳೆನೀರನ್ನು ಮಷಿನ್ನಿನಿಂದ ಹೀರಬೇಕು. ಧೂಳು ಎಳೆಯದೆ ನೀರು ಹಾಕಿದಿರೋ, ಬಟ್ಟೆಯೊಳಗೇ ಕೆಸರು. ಇಷ್ಟೇ ನನ್ನ ಕೆಲಸ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆಯೋ ನನಗಂತೂ ಇವತ್ತಿಗೂ ತಿಳಿದಿಲ್ಲ.

ನನ್ನ ಭಾವ ಮುತ್ತಪ್ಪನವರಿಗೆ ಅದು ಚೆನ್ನಾಗಿ ತಿಳಿದಿತ್ತು. ನನ್ನ ಗಂಡ ಬಾಳೇಶನ ಅಣ್ಣ ಅವರು, ಹಾಗಾಗಿ ಬಹುವಚನ ಕೊಡುತ್ತಿದ್ದೇನೆ. ಅವರ ಮನೆ ಖಾನಾಪುರದಲ್ಲಿ, ರಸ್ತೆಗೆ ಹತ್ತಿಕೊಂಡೇ ಇದೆ. ಇಟ್ಟಿಗೆ ಲಾರಿಗಳು ಹಾದಾಗಲೆಲ್ಲ ಕೆಂಪು ಧೂಳು ಕಿಟಕಿಯಿಂದ ಒಳಗೆ ಬಂದು ಕೂರುತ್ತದೆ. ಅವರ ಮಗಳು ತ್ರಿವೇಣಿ ಕಾಲೇಜು ಮುಗಿಸುವತನಕ ಇದ್ದದ್ದು ಪೀರನವಾಡಿಯಲ್ಲಿ, ನನ್ನ ಜೊತೆ. ಅವಳ ಜಡೆ ಹಾಕಿದವಳು ನಾನು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ನಾನು. ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ, ಇದ್ದರೂ ಅವಳಿಗಿಂತ ಹೆಚ್ಚಾಗುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ಭಾವನ ಫೋನ್ ಬಂತು.

"ಪ್ರಮಿಳಾ, ತ್ರಿವೇಣಿನ್ನ ನೋಡಾಕ ಬರಾಕತ್ತಾರ. ಶಿವಬಸವ ನಗರದ ಸತ್ಯಪ್ಪನವರ ಮಗ, ಆಕಾಶ ಅಂತ. ನೌಕರಿ ಐತಿ, ಮನಿ ಛಲೋ ಐತಿ. ನೀ ಬರಬೇಕ ನೋಡು."

ನನಗೆ ಕಣ್ಣಲ್ಲಿ ನೀರೇ ಬಂತು. ನಮ್ಮ ಮನೆತನದಲ್ಲಿ ಹುಡುಗಿಯನ್ನು ಬೀಗರ ಮುಂದೆ ತರುವವಳು ಹೆತ್ತವಳಲ್ಲ, ಚಿಗವ್ವ. ಅಪ್ಪನ ತಮ್ಮನ ಹೆಂಡತಿಯೇ ಕೈ ಹಿಡಿದು ಕರೆತರಬೇಕು. ಇಳಕಲ್ ಸೀರೆ ತೆಗೆದು ಇಸ್ತ್ರಿ ಮಾಡಿಸಿದೆ. ಬಾಳೇಶ ಗೋವಾಕ್ಕೆ ಲಾರಿ ಒಯ್ದಿದ್ದ, ಅವನಿಗೂ ಫೋನ್ ಮಾಡಿ ಹೇಳಿದೆ. ಭಾವ ಫೋನ್ ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದ್ದರು: "ಬರೂಮುಂದ ಮಷಿನ್ ತಗೊಂಡ ಬಾ. ಸೋಫಾ ಅಗದೀ ಹೊಲಸಾಗೈತಿ."

ಸರಿ, ಮನೆಯ ಕೆಲಸ ತಾನೇ ಅಂದುಕೊಂಡೆ. ಹಿಂದಿನ ದಿನವೇ ಬಂದು ತೊಳೆಯುತ್ತೇನೆ ಅಂದರೆ ಅವರು ಒಪ್ಪಲಿಲ್ಲ.

"ಹಿಂದಿನ ದಿನಾ ತೊಳದ್ರ ಅವತ್ತಿಗೆ ಮತ್ತ ಧೂಳ ಕುಂದರತೈತಿ. ಅವತ್ತ ಮುಂಜಾನೆ ತೊಳಿ. ಅವರು ಬರೂದು ಸಂಜೀಕ."

ಬೆಳಗಿನ ತಂಪಿನಲ್ಲೇ ಹೋಗಿ ತೊಳೆದೆ. ಮಷಿನ್ನಿನ ಡಬ್ಬಿಯಲ್ಲಿ ಬಂದ ನೀರು ಹಂಚಿನ ಮಣ್ಣಿನ ಬಣ್ಣಕ್ಕಿತ್ತು. ಸಂಜೆಯತನಕ ಯಾರೂ ಕೂರಬಾರದು ಎಂದು ಮನೆಮಂದಿಗೆಲ್ಲ ಹೇಳಿದೆ. ನಿರಿಗೆ ಮೇಲೆ ಸಿಕ್ಕಿಸಿಕೊಂಡು ನೆಲ ಒರೆಸುತ್ತಿದ್ದಾಗ ಭಾವ ಬಂದು ಬಾಗಿಲ ಹತ್ತಿರ ನಿಂತರು. ನನ್ನ ಮುಖ ನೋಡದೆ ಮಾತಾಡಿದರು.

"ಒಂದ ಮಾತ ಐತಿ. ನೀ ಬ್ಯಾಂಕಿನಾಗ ಅದಿ ಅಂತ ಅವರ ಮುಂದ ಹೇಳೇನಿ. ನೀ ಅವರ ಓಣ್ಯಾಗ ಈ ಮಷಿನ್ ತಗೊಂಡ ತಿರಗಾಕಿ, ಗುರ್ತ ಹಿಡದ್ರ ಏನ ಮಾಡೂದು? ಅವರು ಹೋಗೂತನಕ ಹಿತ್ತಲದಾಗ ಇರು. ಕೈ ಹಿಡದ ತರಾಕ ಬಾಜು ಮನಿಯಾಕಿಗೆ ಹೇಳೇನಿ."

ಮೈಯೆಲ್ಲ ಉರಿದುಹೋಯಿತು.

"ಸೋಫಾ ತೊಳ್ಯಾಕ ನಾ ಬೇಕು, ಅದರ ಮುಂದ ನಿಂದ್ರಾಕ ನಾ ಬ್ಯಾಡ ಏನ್ರಿ?"

"ಹುಡುಗಿ ಸಲುವಾಗಿ ಸುಮ್ಮನಿರವಾ."

ಬೇರೆ ಏನು ಹೇಳಿದ್ದರೂ ಜಗಳ ತೆಗೆಯುತ್ತಿದ್ದೆ. ಹುಡುಗಿಯ ಹೆಸರು ತೆಗೆದು ನನ್ನ ಬಾಯಿ ಕಟ್ಟಿದರು. ಇಳಕಲ್ ಸೀರೆ ಚೀಲದಲ್ಲೇ ಉಳಿಯಿತು. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬ್ರಶ್ ತಿಕ್ಕಿದೆ. ಸ್ವಚ್ಛವಾಗಿದ್ದ ಬ್ರಶ್ಶನ್ನೇ ಮತ್ತೆ ಮತ್ತೆ ತಿಕ್ಕಿದೆ.

ಬಿಸಿಲು ನೆತ್ತಿಗೆ ಬಂದಿರಬೇಕು, ಹೊರಗೆ ಕಾರು ನಿಂತ ಸದ್ದಾಯಿತು. ತ್ರಿವೇಣಿಯ ತಾಯಿ ಸಾವಂತ್ರವ್ವ ಅಡುಗೆಮನೆ ಬಾಗಿಲಿಗೆ ಓಡಿಬಂದಳು.

"ಬಂದಬಿಟ್ರು! ಸಂಜೀ ಮುಂದ ಘಳಿಗಿ ಛಲೋ ಇಲ್ಲಂತ, ಅದಕ್ಕ ಈಗ ಬಂದಾರ."

"ಅಕ್ಕಾ, ಸೋಫಾದಾಗ ಕುಂದರಸಬ್ಯಾಡ ಅಂತ ಹೇಳು!"

"ನಿಮ್ಮ ಭಾವ ಮುಟ್ಟಿ ನೋಡ್ಯಾರ. ಒಣಗೈತಿ ಅಂದ್ರು."

ಮುಟ್ಟಿದರೆ ಏನು ತಿಳಿಯುತ್ತದೆ? ಈ ಒಣಗಾಳಿಗೆ ಮೇಲಿನ ಬಟ್ಟೆ ಹಪ್ಪಳದಂತೆ ಗರಿಗರಿ ಆಗಿರುತ್ತದೆ, ಒಳಗಿನ ಫೋಮು ನೀರು ಕುಡಿದು ಕೂತಿರುತ್ತದೆ. ಮುಂದಿನ ಕೋಣೆಯಿಂದ ಭಾವನ ಸಕ್ಕರೆಯಂಥ ದನಿ ಕೇಳಿಸಿತು: "ಬರ್ರಿ, ಬರ್ರಿ. ಕುಂದರ್ರಿ, ಹಿಂಗ ಸೋಫಾದ ಮ್ಯಾಲ ಕುಂದರ್ರಿ."

ಸುಳ್ಳೇಕೆ ಹೇಳಲಿ, ಕೂರಲಿ ಬಿಡು ಅನ್ನಿಸಿತು. ಬೀಗರ ಬಿಳಿ ಧೋತರ ತೊಯ್ದು ತಪ್ಪಡಿಯಾಗಲಿ, ಮುತ್ತಪ್ಪನವರ ಮಾನ ಹರಾಜಾಗಲಿ, ನಾನು ಹಿತ್ತಲಲ್ಲಿ ಕೂತು ನಗುತ್ತೇನೆ. ಆದರೆ ನಾನು ತೊಳೆದ ಸೋಫಾದಿಂದ ಇವತ್ತಿನವರೆಗೆ ಒಬ್ಬರೂ ಒದ್ದೆ ಬಟ್ಟೆಯಲ್ಲಿ ಎದ್ದಿಲ್ಲ. ಅದು ನನ್ನ ಕೈಗೆಲಸ, ಭಾವನದಲ್ಲ. ಎದ್ದು ಓಡಿದೆ.

"ಕುಂದರಬ್ಯಾಡ್ರೀ!"

ಹೆಣ್ಣು ನೋಡಲು ಬಂದ ಬೀಗರಿಗೆ ಕೂರಬೇಡಿ ಎಂದು ಕಿರುಚಿದವಳು ಇಡೀ ಖಾನಾಪುರ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಸತ್ಯಪ್ಪನವರು ಅರ್ಧ ಬಗ್ಗಿದವರು ಹಾಗೇ ನಿಂತರು. ಅವರ ಹೆಂಡತಿ ಸೆರಗು ಹಿಡಿದುಕೊಂಡು ಹಿಂದೆ ಸರಿದರು. ಹುಡುಗ ಆಕಾಶ ದಿಂಬಿನ ಮೇಲೆ ಅಂಗೈ ಊರಿ ಒತ್ತಿದ. ಬೆರಳ ಸಂದಿಯಲ್ಲಿ ನೀರು ಮೇಲೆ ಬಂತು.

"ಅಪ್ಪಾ, ಖರೇನ ಹಸಿ ಐತಿ," ಅಂದ.

ಸತ್ಯಪ್ಪನವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮೇಲೆ ಸಿಕ್ಕಿಸಿದ ನಿರಿಗೆ, ಸೋಪು ಹತ್ತಿದ ಕೈ, ಕೈಯಲ್ಲಿ ಬ್ರಶ್.

"ಯಾರ್ರಿ ಇವರು?"

"ಯಾರೂ ಅಲ್ರಿ," ಭಾವ ಅವಸರದಿಂದ ಹೇಳಿದರು. "ಸೋಫಾ ತೊಳ್ಯಾಕ ಬಂದಾಕಿ. ಹೋಗವಾ, ನೀ ಹಿಂದಕ ಹೋಗು."

ಯಾರೂ ಅಲ್ಲ! ಹಿತ್ತಲಲ್ಲಿ ಕೂರಿಸಿದ್ದನ್ನು ನುಂಗಿದ್ದೆ, ಇದು ಗಂಟಲಲ್ಲಿ ಇಳಿಯಲಿಲ್ಲ.

"ಸೋಫಾ ತೊಳ್ಯಾಕಿ ಅನ್ನೂದು ಖರೇರಿ," ಅಂದೆ. "ಯಾರೂ ಅಲ್ಲ ಅನ್ನೂದು ಸುಳ್ಳು. ನಾ ಹುಡುಗಿ ಚಿಗವ್ವ."

"ಚಿಗವ್ವ ಬ್ಯಾಂಕಿನಾಗ ಅದಾರ ಅಂದಿದ್ರೆಲ್ಲಾ?" ಸತ್ಯಪ್ಪನವರು ಭಾವನ ಕಡೆ ತಿರುಗಿದರು.

ನಾನೇ ಹೇಳಿದೆ: "ಬ್ಯಾಂಕಿನ ಸೋಫಾನೂ ತೊಳದೇನ್ರಿ."

ಆಕಾಶನ ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ನಗುವೋ ಅಸಹ್ಯವೋ, ದೇವರಿಗೇ ಗೊತ್ತು. ಸತ್ಯಪ್ಪನವರ ಮುಖ ಮಾತ್ರ ಬಿಗಿಯಿತು.

"ಇರ್ಲಿ ಬಿಡ್ರಿ. ಇವರು ಒಳಗ ಹೋಗ್ಲಿ, ಹುಡುಗಿನ್ನ ಕರಸ್ರಿ. ಆಮ್ಯಾಲ ಮಾತಾಡೂಣು."

ಭಾವ ನನ್ನ ಕಡೆ ನೋಡಿದರು. ಹೋಗು ಎಂದು ಕಣ್ಣಲ್ಲೇ ಬೇಡಿಕೊಂಡರು. ನನ್ನ ಕಾಲು ಕದಲಲಿಲ್ಲ. ಹುಡುಗಿಯ ಸಂಬಂಧ ನನ್ನಿಂದ ಮುರಿದರೆ ಹೇಗೆ ಎಂಬ ಭಯವಿತ್ತು, ಆದರೂ ಕದಲಲಿಲ್ಲ.

ಒಳಕೋಣೆಯ ಬಾಗಿಲು ತೆರೆಯಿತು. ತ್ರಿವೇಣಿ ಹೊರಗೆ ಬಂದಳು, ಒಬ್ಬಳೇ. ಬಾಜು ಮನೆಯವಳು ಹಿಂದಿನಿಂದ "ತಡಿಯ ಯವ್ವಾ, ಕೈ ಕೊಡ" ಅನ್ನುತ್ತ ಓಡಿ ಬರುತ್ತಿದ್ದಳು. ತ್ರಿವೇಣಿ ಅವಳಿಗೆ ಕೈ ಕೊಡಲಿಲ್ಲ. ನೆಟ್ಟಗೆ ಬಂದು ಸೋಪು ಹತ್ತಿದ ನನ್ನ ಕೈಯನ್ನೇ ಹಿಡಿದಳು.

"ಚಿಗವ್ವ ಒಳಗ ಹೋದ್ರ ನಾನೂ ಒಳಗ ಹೋಗ್ತೀನ್ರಿ," ಅಂದಳು. "ನನ್ನ ನೋಡಾಕ ಬಂದೀರಿ. ನನ್ನ ಜ್ವಾಪಾನ ಮಾಡಿದಾಕಿನ್ನೂ ನೋಡ್ರಿ."

"ತ್ರಿವೇಣಿ!" ಭಾವ ಗದರಿದರು. "ಮರ್ಯಾದಿಲೆ ಕುರ್ಚಿ ಮ್ಯಾಲ ಕುಂದರು!"

ಹುಡುಗಿಗೆಂದು ಗೋಡೆ ಬದಿಗೆ ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು. ಅವಳು ಅದರ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ನನ್ನನ್ನು ಎಳೆದುಕೊಂಡು ಸೋಫಾದ ಹತ್ತಿರ ಹೋದಳು. ರೇಷ್ಮೆ ಸೀರೆಯಲ್ಲಿ ನಟ್ಟನಡುವೆ ಕೂತೇಬಿಟ್ಟಳು.

"ಏ ಹುಚ್ಚೀ, ಏಳ! ಹಸಿ ಐತಿ, ರೇಷ್ಮಿ ಸೀರಿ!" ಅಂದೆ.

"ಗೊತ್ತೈತಿ. ನೀನೂ ಕುಂದರು."

ಕೂತೆ. ಹಸಿ ಸೋಫಾದ ಮೇಲೆ ಯಾರನ್ನೂ ಕೂರಲು ಬಿಡದವಳು ನಾನೇ ಕೂತೆ. ನನ್ನ ತೂಕಕ್ಕೆ ಫೋಮು ಬುಸ್ಸೆಂದಿತು, ತಣ್ಣನೆಯ ನೀರು ಸೀರೆ, ಲಂಗ ದಾಟಿ ಮೈಗೆ ಹತ್ತಿತು.

ತ್ರಿವೇಣಿ ನನ್ನ ಕೈ ಬಿಡದೆ ಸತ್ಯಪ್ಪನವರ ಕಡೆ ತಲೆಯೆತ್ತಿದಳು. "ಈಗ ಕೇಳ್ರಿ, ಏನ ಕೇಳಾವರಿದ್ರಿ."

ಒಳಗೆ ಹಾಲು ಉಕ್ಕಿ ಒಲೆಗೆ ಚೆಲ್ಲಿದ ವಾಸನೆ ಬಂತು. ಯಾರೂ ಹೋಗಿ ನೋಡಲಿಲ್ಲ. ನೀರು ಅವಳ ರೇಷ್ಮೆಯ ಅಂಚಿನವರೆಗೆ ಇಳಿಯಿತು. ನಾವಿಬ್ಬರೂ ಏಳಲಿಲ್ಲ.